ಅಂಗಾರನ ಭರಣಿಯಲ್ಲಿದ್ದದ್ದು ಸಾರಾಯಿಯಲ್ಲ

ಮುಂಬಯಿ, ಘಾಟ್ಕೋಪರ್
ಜುಲೈ ೧, ೧೯೫೫

ಉಪನಗರದ ಮಾನ್ಯ ಮ್ಯಾಜಿಸ್ಟ್ರೇಟರೇ,

ಕಳೆದ ಜೂನ್ ಹತ್ತರಂದು ತಾವು ಆರು ತಿಂಗಳ ಕಠಿಣ ಸಜೆ ವಿಧಿಸಿದ ಅಂಗಾರ ಎಂಬವನ ಭರಣಿಯಲ್ಲಿದ್ದದ್ದು ಸಾರಾಯಿಯಲ್ಲ. ಅದು ಬಾಣಂತಿಗೆ ಕುಡಿಸುವ ಅರಿಷ್ಟ. ಈ ಸಂಗತಿ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ತಮ್ಮ ಎದುರಿನ ಕಟಕಟೆಯಲ್ಲಿ ನಿಂತು, ದೇವರ ಮೇಲೆ ಆಣೆ ಇಟ್ಟು, ಅದು ಸಾರಾಯಿಯೇ ಎಂದು ಹೇಳಿದವನು ನಾನು. ಆತನ ಅಪೀಲಿಗೆ ಇನ್ನು ಒಂಬತ್ತು ದಿನಗಳ ಗಡುವು ಉಳಿದಿದೆ. ಅದಕ್ಕಾಗಿ ಈ ಪತ್ರ.

ತಾವು ನನ್ನನ್ನು ಗುರುತಿಸಲಾರಿರಿ. ತಪ್ಪು ತಮ್ಮದಲ್ಲ, ಸಾಕ್ಷಿಯ ಮುಖ ನೋಡಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಆದರೂ ಒಂದು ಮಾತು ಕೇಳುತ್ತೇನೆ. ನಾಲ್ಕು ವರ್ಷಗಳಲ್ಲಿ ಇಪ್ಪತ್ತಮೂರು ಮೊಕದ್ದಮೆಗಳಲ್ಲಿ ನಾನು ತಮ್ಮ ನ್ಯಾಯಾಲಯದಲ್ಲಿ ಪಂಚನಾಗಿ ಸಾಕ್ಷಿ ನುಡಿದಿದ್ದೇನೆ. ಚಾಕು ಸಿಕ್ಕಿದ ಮೋರಿಯ ಬಳಿ ನಾನಿದ್ದೆ. ಕದ್ದ ಸೈಕಲ್ ಸಿಕ್ಕಿದ ಗೋಡೌನಿನಲ್ಲಿ ನಾನಿದ್ದೆ. ಇಸ್ಪೀಟು ಆಡುತ್ತಿದ್ದವರ ಮಾಳಿಗೆಯಲ್ಲೂ ನಾನೇ ಇದ್ದೆ. ಈ ಉಪನಗರದಲ್ಲಿ ನಡೆದ ಇಷ್ಟೊಂದು ಅಪರಾಧಗಳ ಜಾಗದಲ್ಲಿ ಒಬ್ಬನೇ ಮನುಷ್ಯ ಮತ್ತೆ ಮತ್ತೆ ಸಿಗುತ್ತಿದ್ದರೆ, ಮೊದಲು ಅವನನ್ನೇ ಹಿಡಿದು ಒಳಗೆ ಹಾಕಬೇಕೆಂದು ತಮಗೆ ಒಮ್ಮೆಯೂ ಅನ್ನಿಸಲಿಲ್ಲವೇ?

ನಾನು ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಪೊಲೀಸರು ಒಂದು ಜಾಗವನ್ನು ಶೋಧಿಸುವಾಗ ಆ ವಠಾರದ ಇಬ್ಬರು ಗೌರವಸ್ಥ ನಿವಾಸಿಗಳು ಪಂಚರಾಗಿ ಜೊತೆಗಿದ್ದು, ಕಣ್ಣಾರೆ ಕಂಡು, ಪಂಚನಾಮೆಗೆ ಸಹಿ ಹಾಕಬೇಕೆಂದು ಕಾನೂನು ಇದೆಯಂತೆ. ಒಳ್ಳೆಯ ಕಾನೂನು. ಆದರೆ ಗೌರವಸ್ಥರನ್ನು ಹುಡುಕುತ್ತ ಅಲೆಯಲು ಜಮಾದಾರರಿಗೆ ಪುರುಸೊತ್ತು ಎಲ್ಲಿದೆ? ಠಾಣೆಯಿಂದ ನಮ್ಮ ಹೋಟೆಲಿಗೆ ಎಂಬತ್ತು ಹೆಜ್ಜೆ. ಕ್ಷೌರದಂಗಡಿ ನೂರ ಹತ್ತು ಹೆಜ್ಜೆ. ಹೀಗಾಗಿ ಕ್ಷೌರಿಕನಿಗಿಂತ ನಾವು ಹೆಚ್ಚು ಗೌರವಸ್ಥರಾದೆವು. ಮೇಲಾಗಿ ನಮ್ಮ ಲೈಸೆನ್ಸು ಪ್ರತಿವರ್ಷ ಅದೇ ಠಾಣೆಯ ಮೇಜಿನ ಮೇಲಿಂದ ಹಾದು ಹೋಗಬೇಕು. ಜಮಾದಾರರು ಬಾಗಿಲಲ್ಲಿ ನಿಂತು, "ಅಣ್ಣಾ, ದೋನ್ ಪಂಚ ಪಾಯಿಜೆ," ಇಬ್ಬರು ಪಂಚರು ಬೇಕು, ಎನ್ನುತ್ತಾರೆ, ಎರಡು ಪ್ಲೇಟು ಇಡ್ಲಿ ಬೇಕು ಎನ್ನುವ ಧಾಟಿಯಲ್ಲಿ. ನಾನು ಎದ್ದು ಚಪ್ಪಲಿ ಮೆಟ್ಟುತ್ತೇನೆ. ಹಿಟ್ಟು ರುಬ್ಬುವ ಐತ ಕೈ ತೊಳೆದು ಹಿಂದೆ ಬರುತ್ತಾನೆ. ನಾನು ಸಹಿ ಹಾಕುತ್ತೇನೆ, ಅವನು ಹೆಬ್ಬೆಟ್ಟು ಒತ್ತುತ್ತಾನೆ.

ಎಲ್ಲ ಸಲವೂ ಜಾಗಕ್ಕೆ ಹೋಗಿದ್ದೇವೆಂದು ತಾವು ತಿಳಿಯಬಾರದು. ಎಷ್ಟೋ ಸಲ ಕಾಗದವೇ ನಮ್ಮಲ್ಲಿಗೆ ಬಂದಿದೆ. ಮೋರಿಯ ಚಾಕುವನ್ನು ನಾನು ಮೊದಲು ನೋಡಿದ್ದು ತಮ್ಮ ಕೋರ್ಟಿನ ಮೇಜಿನ ಮೇಲೆ. ಕೆಲವು ಕಾಗದಗಳಲ್ಲಿ ಮೇಲಿನ ಅರ್ಧ ಖಾಲಿಯೇ ಇರುತ್ತಿತ್ತು. "ತೇ ಆಮ್ಹೀ ನಂತರ ಭರೂ," ಆಮೇಲೆ ನಾವು ತುಂಬಿಸಿಕೊಳ್ಳುತ್ತೇವೆ, ಎನ್ನುತ್ತಿದ್ದರು. ಮೊದಲ ಸಲ ಹಾಗೆ ಸಹಿ ಹಾಕಿದ ದಿನ ನನಗೆ ಊಟ ಸೇರಲಿಲ್ಲ. ಐದನೆಯ ಸಲ ಊಟ ಸೇರಿತು. ಹದಿನೈದನೆಯ ಸಲ ಕಟಕಟೆಯಲ್ಲಿ ನಿಂತು ಆಣೆಯ ಮಾತು ಒಪ್ಪಿಸುವಾಗ ನಾನು ಯೋಚಿಸುತ್ತಿದ್ದದ್ದು ಮರುದಿನದ ತೆಂಗಿನಕಾಯಿಯ ಬಗ್ಗೆ. ಆರೋಪಿಯ ಮುಖ ನೋಡುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ. ಇದನ್ನು ಬರೆಯುವಾಗಲೂ ನನಗೆ ಅಳು ಬರುತ್ತಿಲ್ಲ, ಸಿಟ್ಟು ಬರುತ್ತಿಲ್ಲ. ಬರಬೇಕಿತ್ತು ಎಂದು ಮಾತ್ರ ತಿಳಿದಿದೆ.

ಇನ್ನು ಅಂಗಾರನ ವಿಷಯ. ಅವನು ನಮ್ಮ ಕಡೆಯವನು, ಉಡುಪಿಯ ಹತ್ತಿರದ ಹಳ್ಳಿಯವನು. ವಿಕ್ರೋಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಘಾಟ್ಕೋಪರಿನ ಚಾಳಿನಲ್ಲಿ ಒಂದು ಖೋಲಿ. ಹೆಂಡತಿ ವಾರಿಜಾ ಆಗ ಚೊಚ್ಚಲ ಬಸುರಿ. ಬಾಣಂತನಕ್ಕೆ ಊರಿಗೆ ಕಳಿಸೋಣವೆಂದರೆ ಅಲ್ಲಿ ಅವಳ ತಾಯಿಯೇ ಮಂಡಿನೋವಿನಿಂದ ಹಾಸಿಗೆ ಹಿಡಿದಿದ್ದರು. ಆ ತಾಯಿ ಮಲಗಿದಲ್ಲಿಂದಲೇ ತನ್ನ ಕರ್ತವ್ಯ ಮಾಡಿದರು. ಹತ್ತು ಬಗೆಯ ಬೇರು, ಧಾತಕಿ ಹೂ, ತಾಳೆಯ ಓಲೆಬೆಲ್ಲ ಎಲ್ಲವನ್ನೂ ಗಂಟು ಕಟ್ಟಿ, ಮಂಗಳೂರಿನಿಂದ ಹಡಗಿನಲ್ಲಿ ಬರುವವರೊಬ್ಬರ ಕೈಯಲ್ಲಿ ಅಳಿಯನಿಗೆ ಕಳಿಸಿದರು. ಅಂಗಡಿಯಲ್ಲಿ ಸಿಗುವ ಅರಿಷ್ಟ ಬರೀ ಬಣ್ಣದ ನೀರು ಎಂಬುದು ಆಕೆಯ ಖಚಿತ ಅಭಿಪ್ರಾಯ.

ನಮ್ಮ ಕಡೆ ಅರಿಷ್ಟ ಮಾಡುವ ಕ್ರಮ ತಮಗೆ ತಿಳಿದಿರಲಾರದು. ಬೇರುಗಳ ಕಷಾಯ ಬತ್ತಿಸಿ, ಬೆಲ್ಲ ಕರಗಿಸಿ, ಒಣದ್ರಾಕ್ಷಿ, ಲವಂಗ, ಹೂ ಎಲ್ಲ ಹಾಕಿ ಭರಣಿಗೆ ತುಂಬುತ್ತಾರೆ. ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ, ಭತ್ತದ ರಾಶಿಯ ನಡುವೆ ಹುಗಿದಿಡುತ್ತಾರೆ. ನಲವತ್ತೊಂದು ದಿನ ಅದು ಬೆಚ್ಚಗೆ ಕೂತಿರಬೇಕು. ಹತ್ತಡಿ ಖೋಲಿಯಲ್ಲಿ ಭತ್ತದ ರಾಶಿ ಎಲ್ಲಿಂದ ಬರಬೇಕು? ಅಂಗಾರ ಚಾಳಿನ ಹಿಂದೆ, ನುಗ್ಗೆಮರದ ಬುಡದಲ್ಲಿ ನೆಲ ಅಗೆದು ಭರಣಿ ಹೂತಿಟ್ಟ. ಪಾನನಿಷೇಧ ಬಂದ ಮೇಲೆ ಕಳ್ಳಭಟ್ಟಿಯವರೂ ಹಿನ್ನೀರಿನ ಖಾಡಿಯ ಬದಿಯಲ್ಲಿ ಹೀಗೆಯೇ ಹೂತಿಡುತ್ತಾರೆಂದು ಅವನಿಗೆ ಹೊಳೆಯಲಿಲ್ಲ. ಈ ಊರಿನಲ್ಲಿ ಮಡಕೆ ಹೂಳುವವರೆಲ್ಲ ಅಪರಾಧಿಗಳು ಎಂದು ತಿಳಿಯಲು ಅವನು ಮುಂಬಯಿಗೆ ಬಂದು ಇನ್ನೂ ಮೂರು ವರ್ಷವಾಗಿತ್ತಷ್ಟೆ. ಯಾರೋ ನೆರೆಯವರು ನೋಡಿದರು, ಠಾಣೆಗೆ ಸುದ್ದಿ ಹೋಯಿತು.

ಫೆಬ್ರವರಿಯ ಒಂದು ಬೆಳಿಗ್ಗೆ ಜಮಾದಾರರು ನಮ್ಮನ್ನು ಕರೆದೊಯ್ದರು. ಪಂಚನಾಮೆ ಠಾಣೆಯಲ್ಲೇ ಬರೆದು ತಯಾರಾಗಿತ್ತು. 'ಪಂಚರು ಮೂಸಿ ನೋಡಲಾಗಿ ಸಾರಾಯಿಯ ವಾಸನೆ ಬಂತು' ಎಂಬ ಸಾಲೂ ಅದರಲ್ಲಿತ್ತು, ನಮ್ಮ ಮೂಗುಗಳು ಇನ್ನೂ ಹೋಟೆಲಿನಲ್ಲಿದ್ದಾಗಲೇ. ಎಷ್ಟು ಸೇರು ಎಂಬುದಕ್ಕೆ ಮಾತ್ರ ಜಾಗ ಬಿಟ್ಟಿದ್ದರು. ಭರಣಿ ಮೇಲೆ ಬಂತು. ಬಟ್ಟೆ ಬಿಚ್ಚಿದರು. "ಅಣ್ಣಾ, ಜರಾ ವಾಸ ಘ್ಯಾ," ಮೂಸಿ ನೋಡಿ, ಎಂದರು ಜಮಾದಾರರು. ನಾನು ಬಗ್ಗಿದೆ. ಲವಂಗ, ದ್ರಾಕ್ಷಿ, ಓಲೆಬೆಲ್ಲ. ನನ್ನ ತಂಗಿ ಹುಟ್ಟಿದಾಗ ನಮ್ಮ ಅಮ್ಮನ ಕೋಣೆಯಲ್ಲಿ ತಿಂಗಳುಗಟ್ಟಲೆ ಇದ್ದ ಪರಿಮಳ. ಕಣ್ಣು ಕಟ್ಟಿ ಮೂಸಿಸಿದ್ದರೂ ಹೇಳುತ್ತಿದ್ದೆ.

ಅಂಗಾರ ಕೈಗೆ ಹಗ್ಗ ಕಟ್ಟಿಸಿಕೊಂಡು ನಿಂತಿದ್ದ. ನನ್ನನ್ನು ಕಂಡು ಅವನ ಮುಖ ಅರಳಿತು. ನಾನು ಅವನನ್ನು ಬಿಡಿಸಲು ಬಂದವನೆಂದು ತಿಳಿದುಕೊಂಡ. ನಮ್ಮ ತುಳುವಿನಲ್ಲಿ ಹೇಳಿದ, ಕನ್ನಡದಲ್ಲಿ ಬರೆದರೆ ಹೀಗೆ: "ಅಣ್ಣ, ನೀವಾದ್ರೂ ಹೇಳಿ ಮಾರಾಯ್ರೆ, ಇದು ಎಂತ ಅಂತ. ನಿಮಗೆ ಗೊತ್ತುಂಟಲ್ಲ."

ಜಮಾದಾರರು ನನ್ನನ್ನು ಕೇಳಿದರು: "ದಾರೂಚ್ ಆಹೇ ನಾ?" ಸಾರಾಯಿಯೇ ತಾನೆ?

"ಹೋ," ಹೌದು, ಎಂದೆ.

ಭಯದಿಂದ ಹೇಳಿದೆ ಎಂದರೆ ನನಗೂ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ಲೈಸೆನ್ಸಿನ ಹೆದರಿಕೆ ಇದ್ದದ್ದು ಹೌದು. ಆದರೆ ಆ ಕ್ಷಣದಲ್ಲಿ ಲೈಸೆನ್ಸೂ ನೆನಪಾಗಲಿಲ್ಲ. ಅವರು ಕೇಳಿದರು, ಯಾವಾಗಲೂ ಹೇಳುವುದನ್ನು ನಾನು ಹೇಳಿದೆ. ಪೆನ್ನು ಕೊಟ್ಟರು, ಸಹಿ ಹಾಕಿದೆ. ಐತ ಹೆಬ್ಬೆಟ್ಟು ಒತ್ತಿ, ಮಸಿಯನ್ನು ನುಗ್ಗೆಮರದ ಕಾಂಡಕ್ಕೆ ಒರೆಸಿದ. ಹೋಟೆಲಿಗೆ ಮರಳುವಾಗ ಅವನು, "ಅದು ಅರಿಷ್ಟ ಅಲ್ವಾ ಅಣ್ಣ?" ಎಂದ. "ಹೌದು," ಎಂದೆ. ಹೋಟೆಲು ತಲುಪಿ ಅವನು ಹಿಟ್ಟು ರುಬ್ಬಲು ಕುಳಿತ.

ಆಮೇಲೆ ನಡೆದದ್ದೆಲ್ಲ ತಮ್ಮ ದಫ್ತರದಲ್ಲಿದೆ, ಅಂದರೆ ಬಹಳ ಕಡಿಮೆ ಇದೆ. ಜಾಮೀನಿಗೆ ಜನ ಸಿಗದೆ ಅಂಗಾರ ಒಳಗೇ ಉಳಿದ. ಮಾರ್ಚಿನಲ್ಲಿ ಹೆಣ್ಣು ಮಗು ಹುಟ್ಟಿತು. ಆ ಮಗುವನ್ನು ಅವನು ಮೊದಲು ನೋಡಿದ್ದು ತಮ್ಮ ಕೋರ್ಟಿನ ಜಗಲಿಯಲ್ಲಿ, ಹಗ್ಗ ಹಿಡಿದ ಪೊಲೀಸನ ಪಕ್ಕದಲ್ಲಿ ನಿಂತು. ನಾಲ್ಕು ಸಲ ತಾರೀಖು ಬಿತ್ತು. ಒಮ್ಮೆ ಸರಕಾರಿ ವಕೀಲರು ಬಂದಿರಲಿಲ್ಲ. ಒಮ್ಮೆ ಭರಣಿ ಬಂದಿರಲಿಲ್ಲ. ಒಮ್ಮೆ ತಾವೇ ಬಂದಿರಲಿಲ್ಲ. ಇನ್ನೊಮ್ಮೆ ಎಲ್ಲರೂ ಬಂದಿದ್ದೆವು, ಹೊತ್ತು ಸಾಲಲಿಲ್ಲ. ಐದನೆಯ ಸಲ, ಜೂನ್ ಹತ್ತರಂದು, ಮೊಕದ್ದಮೆ ನಡೆಯಿತು. ಗೋಡೆಯ ಗಡಿಯಾರ ನೋಡಿಕೊಂಡಿದ್ದೆ, ಬೇರೆ ನೋಡುವಂಥದ್ದು ಏನೂ ಇರಲಿಲ್ಲ. ಹನ್ನೊಂದು ನಿಮಿಷ ಹಿಡಿಯಿತು.

ಪ್ರಯೋಗಾಲಯದ ವರದಿಯಲ್ಲಿ ಮದ್ಯಾರ್ಕ ಇದೆ ಎಂದು ಓದಿದರು. ಇರದೆ ಏನು? ಅರಿಷ್ಟ ಹುಳಿತು ಹದವಾಗುವುದೇ ಹಾಗೆ. ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಿದ್ದರು, ಆದರೆ ವೈದ್ಯರನ್ನು ಕೇಳುವವರಾರು? ತಮ್ಮ ನ್ಯಾಯಾಲಯದಿಂದ ಹೊರಬಿದ್ದರೆ ಎದುರಿಗೇ ಔಷಧಿ ಅಂಗಡಿ. ಅಲ್ಲಿ ಇದೇ ಪದಾರ್ಥ ಲೇಬಲ್ ಹಚ್ಚಿಕೊಂಡು ಕಪಾಟಿನಲ್ಲಿ ಸಾಲಾಗಿ ನಿಂತಿದೆ. ಸೀಸೆಯಲ್ಲಿದ್ದರೆ ಔಷಧ, ಭರಣಿಯಲ್ಲಿದ್ದರೆ ಆರು ತಿಂಗಳು.

ಅಂಗಾರನಿಗೆ ಗೊತ್ತುಮಾಡಿದ್ದ ವಕೀಲರು ಅಂದು ಬೇರೊಂದು ಕೋರ್ಟಿನಲ್ಲಿದ್ದರು. ನನ್ನ ಸಾಕ್ಷಿ ಮುಗಿದ ಮೇಲೆ ತಾವು ತಲೆ ಎತ್ತದೆ ಅವನನ್ನು ಕೇಳಿದಿರಿ: "ಇಸ್ಕೋ ಕುಛ್ ಪೂಛ್ನಾ ಹೈ?" ಇವನನ್ನು ಏನಾದರೂ ಕೇಳುವುದಿದೆಯೇ? ಅವನು ಕೈಮುಗಿದು ತನ್ನ ಹರಕು ಹಿಂದಿಯಲ್ಲಿ ಹೇಳಿದ: "ಸಾಬ್, ಏ ಅಪ್ನಾ ಗಾಂವ್‌ವಾಲಾ ಹೈ. ಇನ್ಕೋ ಸಬ್ ಮಾಲೂಮ್ ಹೈ. ಏ ಬೋಲೇಗಾ." ಇವರು ನಮ್ಮೂರಿನವರು, ಇವರಿಗೆ ಎಲ್ಲ ಗೊತ್ತು, ಇವರೇ ಹೇಳುತ್ತಾರೆ.

"ಸವಾಲ್ ಪೂಛೋ," ಎಂದಿರಿ ತಾವು. ಪ್ರಶ್ನೆ ಕೇಳು.

ಅವನಿಗೆ ಪ್ರಶ್ನೆ ಕೇಳಲು ಬರಲಿಲ್ಲ. ನನ್ನನ್ನೇ ನೋಡುತ್ತ ನಿಂತ. ನಾನು ಗಡಿಯಾರ ನೋಡುತ್ತ ನಿಂತೆ. ಪಾಟೀಸವಾಲು ಇಲ್ಲ ಎಂದು ತಾವು ಬರೆಸಿದಿರಿ. ಒಬ್ಬ ಮನುಷ್ಯ ಸತ್ಯ ಹೇಳು ಎಂದು ಇನ್ನೊಬ್ಬನನ್ನು ಬೇಡಿಕೊಂಡರೆ ಅದು ಪ್ರಶ್ನೆಯಲ್ಲವೆಂದು ತಮ್ಮ ಕಾಯಿದೆಯಲ್ಲಿ ಬರೆದಿದೆಯೇ ಸ್ವಾಮಿ?

ತೀರ್ಪಿಗೆ ಮುಂಚೆ ಅವನು ಒಳಗೆ ಕಳೆದ ನಾಲ್ಕು ತಿಂಗಳು ಸಜೆಯಲ್ಲಿ ವಜಾ ಆಗುವುದಿಲ್ಲವಂತೆ. ಫ್ಯಾಕ್ಟರಿಯವರು ಅವನ ಹೆಸರು ಹೊಡೆದುಹಾಕಿದರು. ಫೋರ್‌ಮನ್ ಒಳ್ಳೆಯವರು, ಅಪೀಲಿನಲ್ಲಿ ನಿರ್ದೋಷಿ ಎಂದಾದರೆ ಮತ್ತೆ ತೆಗೆದುಕೊಳ್ಳುತ್ತೇವೆ, ಶಿಕ್ಷೆ ಅನುಭವಿಸಿ ಬಂದರೆ ಬಾಗಿಲಿಗೂ ಬರುವುದು ಬೇಡ ಎಂದು ವಾರಿಜಾಳಿಗೆ ಹೇಳಿ ಕಳಿಸಿದ್ದಾರೆ. ಅಪೀಲಿನ ವಕೀಲರು ಹೇಳುವುದು ಇಷ್ಟೆ: ಇಬ್ಬರು ಪಂಚರ ಸಾಕ್ಷಿ ಗಟ್ಟಿಯಾಗಿದೆ, ಅದನ್ನು ಮುರಿಯಲು ಏನಾದರೂ ತನ್ನಿ.

ಮುರಿಯಲು ಬೇಕಾದದ್ದು ನನ್ನ ಡ್ರಾಯರಿನಲ್ಲಿದೆ.

ಇದುವರೆಗೆ ಒಂದು ಸಂಗತಿಯನ್ನು ನಾನು ಮುಂದೂಡುತ್ತ ಬಂದೆ, ಬರೆಯಲು ನಾಚಿಕೆಯಾಗಿ. ಅಂಗಾರನಿಗೆ ಓದಲು ಬರುವುದಿಲ್ಲ. ನಾನು ಬೈಕುಲ್ಲಾದ ಹೋಟೆಲಿನಲ್ಲಿದ್ದಾಗ ಕನ್ನಡದ ರಾತ್ರಿಶಾಲೆಗೆ ಹೋಗಿ ಕಲಿತವನು. ಘಾಟ್ಕೋಪರಿನ ನಮ್ಮವರ ಕಾಗದಗಳನ್ನೆಲ್ಲ ಓದಿ ಹೇಳುವುದು, ಬರೆದು ಕೊಡುವುದು ನಾನೇ. ಅತ್ತೆಯವರು ಬೇರಿನ ಗಂಟಿನ ಜೊತೆ ಯಾರಿಂದಲೋ ಬರೆಸಿ ಕಳಿಸಿದ ಕಾಗದವನ್ನು ಅಂಗಾರ ನನ್ನ ಬಳಿಯೇ ತಂದಿದ್ದ. ಎಷ್ಟು ಬೇರಿಗೆ ಎಷ್ಟು ನೀರು, ಎಷ್ಟು ಬೆಲ್ಲ, ಎಷ್ಟು ದಿನ, ಎಲ್ಲವನ್ನೂ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಎರಡೆರಡು ಸಲ ಓದಿ ಹೇಳಿದೆ. ಭತ್ತದ ರಾಶಿ ಇಲ್ಲವಲ್ಲ ಅಣ್ಣ, ಎಂತ ಮಾಡುವುದು ಎಂದು ಅವನು ಕೇಳಿದ. "ಮಣ್ಣಿನಲ್ಲಿ ಹೂತಿಡು ಮಾರಾಯ, ಅದೂ ಬೆಚ್ಚಗೇ ಇರ್ತದೆ," ಎಂದವನು ನಾನು. ಮರೆತರೆ ಮತ್ತೆ ಓದಿಸಿಕೊಳ್ಳಬಹುದೆಂದು ಕಾಗದವನ್ನು ನನ್ನ ಬಳಿಯೇ ಬಿಟ್ಟುಹೋದ. ಈಗಲೂ ಇದೆ. ಅಂಚೆಯ ಮುದ್ರೆ ಇಲ್ಲ, ಕೈಯಲ್ಲಿ ಬಂದದ್ದು. ಆದರೆ ತಾರೀಖಿದೆ, ಜನವರಿ ಹದಿನೆಂಟು.

ತೀರ್ಪಾದ ವಾರದ ಮೇಲೆ ವಾರಿಜಾ ಮಗುವನ್ನೆತ್ತಿಕೊಂಡು ಹೋಟೆಲಿಗೆ ಬಂದಳು. ಬೈಯಲು ಬಂದಳೆಂದುಕೊಂಡೆ. ಬೈದರೆ ಒಳ್ಳೆಯದೆಂದೂ ಅನ್ನಿಸಿತು. ಆದರೆ ಅವಳು ಬಂದದ್ದು ತಾಯಿಗೆ ಕಾಗದ ಬರೆಸಲು.

"ಎಂತ ಬರಿಯೋದು?" ಎಂದೆ.

"ಅವರಿಗೆ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಉಂಟು, ಹಾಗಾಗಿ ಕಾಗದ ಹಾಕ್ಲಿಕ್ಕೆ ಆಗ್ಲಿಲ್ಲ ಅಂತ ಬರೀರಿ. ಅರಿಷ್ಟ ಲಾಯ್ಕಾಗಿತ್ತು, ದಿನಾ ಕುಡೀತಿದ್ದೆ ಅಂತ್ಲೂ ಬರೀರಿ."

ಬರೆದೆ. ಸುಳ್ಳು ಬರೆಯಲು ನನ್ನ ಕೈ ಎಲ್ಲೂ ತಡವರಿಸಲಿಲ್ಲ. ವಿಳಾಸ ಬರೆಯುವಾಗ ಅವಳು ಕೇಳಿದಳು: "ಆ ಕಾಗದ ಓದಿ ಹೇಳಿದ್ದು ನೀವೇ ಅಲ್ವಾ ಅಣ್ಣ?"

"ಹೌದು."

"ಕೋರ್ಟಲ್ಲಿ ಅದನ್ನು ಕೇಳ್ಲಿಲ್ವಾ?"

"ಕೇಳ್ಲಿಲ್ಲ."

"ಕೇಳದ್ದಕ್ಕೆ ನೀವೆಂತ ಮಾಡ್ಲಿಕ್ಕಾಗ್ತದೆ," ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಕೋರ್ಟೆಂದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಜಾಗವೆಂದು ಅವಳು ನಿಜವಾಗಿಯೂ ನಂಬಿದ್ದಾಳೆ. ನನ್ನನ್ನು ಸಮಾಧಾನ ಮಾಡಿ, ಮಗುವಿಗೆ ಶಾಲು ಹೊದಿಸಿಕೊಂಡು ಮಳೆಯಲ್ಲಿ ಹೊರಟುಹೋದಳು.

ಅಂದೇ ನಾನು ಶಾಮಣ್ಣನವರ ಬಳಿ ಹೋದೆ. ಮೈಸೂರಿನ ಕಡೆಯವರು, ಬೈಕುಲ್ಲಾದ ಒಂದು ಕಚೇರಿಯಲ್ಲಿ ಟೈಪಿಸ್ಟು, ನಮ್ಮ ಹೋಟೆಲಿನ ಖಾಯಂ ಗಿರಾಕಿ. ಎಲ್ಲ ಹೇಳಿದೆ. ಅವರು ಇಂಗ್ಲಿಷಿನಲ್ಲಿ ಒಂದು ಅಫಿಡವಿಟ್ಟು ಟೈಪು ಮಾಡಿ ತಂದುಕೊಟ್ಟರು, ಕನ್ನಡದಲ್ಲಿ ಅರ್ಥ ಹೇಳಿದರು. ಹೇಳಿ, ಕಾಗದದ ಮೇಲೆ ಕೈ ಇಟ್ಟುಕೊಂಡು ಕುಳಿತರು.

"ರೀ ಕೊರಗಪ್ಪನೋರೇ, ಸೈನ್ ಮಾಡೋಕ್ ಮುಂಚೆ ಒಂದ್ಸಲ ಯೋಚ್ನೆ ಮಾಡಿ. ಸುಳ್ಳು ಸಾಕ್ಷಿ ಹೇಳಿದೀನಿ ಅಂತ ನೀವೇ ಬರ್ಕೊಟ್ಟ ಹಾಗಾಗತ್ತೆ. ಏಳು ವರ್ಷದವರೆಗೂ ಒಳಗೆ ಹಾಕ್ಬೋದು."

"ಮತ್ತೆ ಅಂಗಾರ?"

"ಅವ್ನು ಹೇಗೂ ಡಿಸೆಂಬರ್‌ಗೆ ಆಚೆ ಬರ್ತಾನಲ್ರೀ," ಎಂದರು ಶಾಮಣ್ಣ. ಕೆಟ್ಟ ಮನುಷ್ಯರಲ್ಲ ಅವರು. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು.

ಓದದೆ, ನೋಡದೆ, ಖಾಲಿ ಹಾಳೆಗಳಿಗೆಲ್ಲ ಸಹಿ ಗೀಚಿದ ನಾನು ಈ ಒಂದು ಕಾಗದವನ್ನು ಎಷ್ಟು ಸಲ ಬಿಡಿಸಿ ನೋಡಿದೆನೋ ಲೆಕ್ಕವಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ನಿಜವಾದ ಕಾಗದ ನನ್ನ ಮುಂದಿತ್ತು, ಕೈ ಏಳಲಿಲ್ಲ. ಹನ್ನೆರಡು ದಿನಗಳಿಂದ ಅದು ಅತ್ತೆಯ ಕಾಗದದ ಜೊತೆ ಡ್ರಾಯರಿನಲ್ಲಿ ಬಿದ್ದಿದೆ. ನಡುವೆ ಒಂದು ದಿನ ಅದನ್ನು ಸಹಿಯಿಲ್ಲದೆ ಹಾಗೆಯೇ ತಮ್ಮ ಶಿರಸ್ತೇದಾರರ ಬಳಿ ಒಯ್ದಿದ್ದೆ, ಸಾಹೇಬರನ್ನು ಕಂಡು ಬಾಯಿಮಾತಿನಲ್ಲಿ ಹೇಳಿಬಿಡೋಣವೆಂದು. "ಕೇಸ್ ಸಂಪಲೀ," ಕೇಸು ಮುಗಿಯಿತು, ಎಂದರು. ಮುಗಿದ ಕೇಸಿನ ಸಾಕ್ಷಿ ತಾನಾಗಿ ಬಂದು ಮಾತಾಡುವ ಪದ್ಧತಿ ಇಲ್ಲವಂತೆ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ನಿನ್ನೆ ಮಧ್ಯಾಹ್ನ ಈ ಪತ್ರದ ಅರ್ಧ ಬರೆದಿದ್ದೆ. ಜಮಾದಾರರು ಬಾಗಿಲಲ್ಲಿ ಬಂದು ನಿಂತರು. ನಾನು ಪೆನ್ನು ಮುಚ್ಚಿ, ಚಪ್ಪಲಿ ಮೆಟ್ಟಿ ಅವರ ಹಿಂದೆ ಹೋದೆ. ಸಹಿ ಹಾಕಿ ಬಂದು ಮತ್ತೆ ಬರೆಯಲು ಕುಳಿತೆ. ಅದು ಯಾರ ಮೇಲಿನ ಕೇಸು, ಏನು ಸಿಕ್ಕಿತು, ನನಗೆ ಗೊತ್ತಿಲ್ಲ. ಕೇಳಲಿಲ್ಲ.

ನನ್ನಂಥವನನ್ನು ತಾವು ಏನೆಂದು ಕರೆಯುತ್ತೀರೋ ತಿಳಿಯದು. ದುಷ್ಟನೆಂದು ನನಗೆ ಅನ್ನಿಸುವುದಿಲ್ಲ. ದುಷ್ಟನಾದವನಿಗೆ ಏನಾದರೂ ಬೇಕಿರುತ್ತದೆ, ನನಗೆ ಏನೂ ಬೇಕಿರಲಿಲ್ಲ. ಜಮಾದಾರರೂ ದುಷ್ಟರಲ್ಲ, ಅವರ ಮೇಲೆ ತಿಂಗಳಿಗಿಷ್ಟು ಕೇಸು ಎಂಬ ಒತ್ತಡ ಇದೆ. ತಾವು ದುಷ್ಟರೆಂದು ಹೇಳುವ ಧೈರ್ಯ ನನಗಿಲ್ಲ. ಆ ದಿನ ತಮ್ಮ ಮೇಜಿನ ಮೇಲೆ ಇನ್ನೂ ನಲವತ್ತು ಕೇಸುಗಳಿದ್ದುವು. ಎಲ್ಲರೂ ನಮ್ಮ ನಮ್ಮ ಕೆಲಸ ಮಾಡಿದೆವು. ಅಂಗಾರ ಜೈಲಿನಲ್ಲಿ ಕಲ್ಲು ಒಡೆಯುತ್ತಿದ್ದಾನೆ.

ಈ ಪತ್ರ ಕನ್ನಡದಲ್ಲಿದೆ, ತಮಗೆ ಕನ್ನಡ ಬಾರದು ಎಂಬುದು ನನಗೆ ಗೊತ್ತು. ಮರಾಠಿಯ ಪಂಚನಾಮೆಗಳಿಗೆ ನಾನು ಸಹಿ ಹಾಕುವಾಗ ಯಾರೂ ಅರ್ಥ ಹೇಳಲಿಲ್ಲ. ತಮಗೆ ಅರ್ಥ ಹೇಳಲು ಸರಕಾರ ಒಬ್ಬ ದುಭಾಷಿಯನ್ನು ಕೊಟ್ಟಿದೆ, ಅವರಿಂದ ಓದಿಸಿಕೊಳ್ಳಿ. ಇದರ ಪ್ರತಿಯನ್ನು ಇಲ್ಲಿಯ ಕನ್ನಡ ಪತ್ರಿಕೆಗೂ ಕೊಡುತ್ತಿರುವುದಕ್ಕೆ ಬೇರೆ ಕಾರಣವಿದೆ. ಮುಂಬಯಿಯ ಪ್ರತಿಯೊಂದು ಕನ್ನಡದ ಹೋಟೆಲಿಗೂ ಆ ಪತ್ರಿಕೆ ಹೋಗುತ್ತದೆ. ಎಲ್ಲರೂ ಓದಿದ ಮೇಲೆ, ನಾನು ಹಾಗೆ ಬರೆದಿಲ್ಲ ಎಂದು ತಪ್ಪಿಸಿಕೊಳ್ಳಲು ನನಗೆ ದಾರಿ ಇರುವುದಿಲ್ಲ. ನನ್ನ ಮೇಲೆ ನನಗೆ ಅಷ್ಟೇ ನಂಬಿಕೆ.

ಆದ್ದರಿಂದ ನನ್ನ ಬೇಡಿಕೆ ಇದು. ನನ್ನಷ್ಟಕ್ಕೆ ನಾನು ಎದ್ದು ಬರುವವನಲ್ಲ, ಅದನ್ನು ಈಗ ತಾವೂ ಬಲ್ಲಿರಿ. ಆದರೆ ನಾಲ್ಕು ವರ್ಷಗಳಲ್ಲಿ ಒಂದು ಸಮನ್ಸನ್ನೂ ನಾನು ತಪ್ಪಿಸಿಲ್ಲ. ಜುಲೈ ಹತ್ತರ ಒಳಗೆ ನನಗೆ ಒಂದು ಸಮನ್ಸು ಕಳಿಸುವಂತೆ ಮಾಡಿ, ತಮ್ಮ ಕೋರ್ಟಿಗಾಗಲಿ, ಅಪೀಲಿನ ಕೋರ್ಟಿಗಾಗಲಿ. ಅತ್ತೆಯ ಕಾಗದ ತರುತ್ತೇನೆ. ಭರಣಿಯಲ್ಲಿ ಏನಿತ್ತು ಎಂದು ಯಾರಾದರೂ ಒಬ್ಬರು ನನ್ನ ಮುಖ ನೋಡಿ ಕೇಳಲಿ. ಆಮೇಲೆ ಅಂಗಾರನನ್ನು ಬಿಟ್ಟು, ಆ ಹಗ್ಗವನ್ನು ನನ್ನ ಕೈಗೆ ಕಟ್ಟಿಸಿ.

ಅಫಿಡವಿಟ್ಟಿಗೆ ಏಳದ ಕೈಯಿಂದ ಇದಕ್ಕೆ ಸಹಿ ಹಾಕುತ್ತಿದ್ದೇನೆ. ಈ ಸಲ ಮೇಲಿನದ್ದನ್ನೆಲ್ಲ ನಾನೇ ತುಂಬಿಸಿದ್ದೇನೆ, ಪೂರ್ತಿ ಓದಿಯೂ ನೋಡಿದ್ದೇನೆ.

ಇಂತಿ,
ಕರೆದರೆ ಮಾತ್ರ ಬರಬಲ್ಲ
ಕೊರಗಪ್ಪ,
ಒಂದನೇ ಪಂಚ